ಬಿ ಸೈಡ್ ಕೇಳಿದೆ, ನಾಗರಾಜ

ಗೆಳೆಯ ನಾಗರಾಜ,

ಶಿವಮೊಗ್ಗ, ಭದ್ರಾವತಿ ಹಾಗೂ ಸುತ್ತಮುತ್ತಲ ಸಮಸ್ತ ಸಂಗೀತಪ್ರೇಮಿಗಳ ಅವಗಾಹನೆಗೆ ಈ ಮೂಲಕ ಘೋಷಿಸುವುದೇನೆಂದರೆ, ಕಳೆದ ಭಾನುವಾರ ನಾನು ಒಂದು ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದೆ. ನಗಬೇಡ. ಈ ಮಹತ್ಕಾರ್ಯಕ್ಕೆ ನನಗೆ ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ನೀನೇ ಈ ಲೋಕ ಬಿಟ್ಟು ಹೊರಟುಹೋದೆ.

ಅದನ್ನು ತಂದುಕೊಟ್ಟ ದಿನ ನೆನಪಿದೆಯಾ? ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ಕಿಟಕಿಗೆಲ್ಲ ಕಂಬಳಿ ಕಟ್ಟಿ, ಕಾಗದದ ಮಿಲ್ಲಿನ ಸೈರನ್ ಕೂಗಿ ಮುಗಿಯುವುದನ್ನೇ ಕಾದು, ನೀನೇ ಬರೆದು ನೀನೇ ಹಾಡಿದ ಎಂಟು ಹಾಡು. "ಪೂರ್ತಿ ಕೇಳಿ ಬರಿಯಪ್ಪ," ಎಂದಿದ್ದೆ ನೀನು. ನಾನು ಎ ಸೈಡಿನ ನಾಲ್ಕು ಕೇಳಿದೆ, ಪತ್ರಿಕೆಗೆ ನನ್ನ ಅಂಕಣ ಕೊಡುವ ಹೊತ್ತಾಯಿತು. "ದನಿ ಹುಬ್ಬಳ್ಳಿಯ ಗಾಯಕರದ್ದು, ದುಃಖ ಮೈಸೂರಿನವರದ್ದು, ಸ್ವಂತದ್ದು ತಾಳ ಮಾತ್ರ, ಅದೂ ಪಕ್ಕದ ಮನೆಯ ಕುಕ್ಕರಿನದು" ಎಂದು ಬರೆದೆ. ಊರು ನಕ್ಕಿತು. ನೀನೂ ನಕ್ಕೆ. "ಹಂಗಾದ್ರೆ ಕುಕ್ಕರ್‌ಗೂ ಒಂದು ಶಾಲು ಹೊದಿಸ್ಬೇಕಲ್ಲೋ ಮಾರಾಯ!" ಆಮೇಲೆ ನೀನು ಹಾಡಲಿಲ್ಲ. ಯಾಕೆ ಅಂತ ನಾನೊಂದು ಮಾತು ಕೇಳಿದ್ದರೆ...

ಹೋದ ತಿಂಗಳು ನಿನ್ನ ಹೆಂಡತಿ ಸುಮಿತ್ರಾ ನಮ್ಮ ಮನೆಗೆ ಬಂದಾಗಲೇ ಉಳಿದದ್ದು ಗೊತ್ತಾಯಿತು. ಅಂಗಡಿಯವರು ವಾಪಸ್ ಮಾಡಿದ ಕ್ಯಾಸೆಟ್‌ಗಳ ಮೂಲೆಯ ತೂತಿಗೆ ಮತ್ತೆ ರೆಕಾರ್ಡ್ ಆಗುವಂತೆ ಟೇಪ್ ಅಂಟಿಸಿ, "ಇದರ ಮೇಲೇ ಭಜನೆ ರೆಕಾರ್ಡ್ ಮಾಡ್ಕೊಳ್ಳಿ" ಎಂದು ಮಿಲ್ಲಿನವರಿಗೆಲ್ಲ ಹಂಚಿಬಿಟ್ಟೆಯಂತೆ. ಮನೆಗೊಂದೂ ಉಳಿಸಲಿಲ್ಲವಂತೆ.

"ಬಿ ಸೈಡ್ ಅವ್ರು ನಂಗೂ ಕೇಳಿಸ್ಲಿಲ್ಲ ಅಣ್ಣಾ. ನಾನು ತವರಿಗೆ ಹೋದಾಗ ಹಾಡಿದ್ದದು. ಪೇಪರ್‌ನಲ್ಲಿ ಒಳ್ಳೇದು ಬರ್ಲಿ, ಆಮೇಲೆ ಹಾಕ್ತೀನಿ ಅಂದಿದ್ರು."

ಪೇಪರ್‌ನಲ್ಲಿ ಏನು ಬಂತು ಅಂತ ಅವರು ನನಗೆ ನೆನಪಿಸಲಿಲ್ಲ.

ಭಾನುವಾರ ಅವರನ್ನು ಎದುರಿಗೆ ಕೂರಿಸಿಕೊಂಡು, ನೀನು ನನಗೆ ಕೊಟ್ಟಿದ್ದ ಕ್ಯಾಸೆಟ್ಟಿನ ಬಿ ಸೈಡ್ ಹಾಕಿದೆ. ಅದಕ್ಕೆ ಮೊದಲು, ನ್ಯಾಯಾಧೀಶನ ಗತ್ತಿನಲ್ಲಿ, ಆ ಇಬ್ಬರು ಗಾಯಕರ ಹಾಡುಗಳನ್ನೂ ಮತ್ತೆ ಕೇಳಿದ್ದೆ. ಹುಬ್ಬಳ್ಳಿಯವರು ದುಃಖ ಬಂದರೆ ದನಿ ಏರಿಸುತ್ತಾರೆ. ಮೈಸೂರಿನವರು ಕೊಳಲಿನವರಿಗೆ ಒಪ್ಪಿಸುತ್ತಾರೆ. ನೀನು? "ಚಪ್ಪಲಿ ಬಿಟ್ಟು ಬಂದೆ, ಸುಮೀ" ಎಂದು ಹಾಡಿ, ಸುಮ್ಮನಾಗುತ್ತೀಯ. ಒಂದು ಉಸಿರಿನಷ್ಟು. ಆ ಸುಮ್ಮನಿರುವಿಕೆ ಯಾವ ಊರಿನವರದ್ದೂ ಅಲ್ಲ ಮಾರಾಯ, ನಿನ್ನದೇ. ಹಾಡಿನ ಹಿಂದೆ, ಟೇಪಿನೊಳಗೇ, ದೂರದಲ್ಲಿ ಕುಕ್ಕರ್ ಕೂಗಿತು. ಸುಮಿತ್ರಾ ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ನನ್ನ ದರಿದ್ರ ಟೇಪ್‌ರೆಕಾರ್ಡರ್ ರೀಲನ್ನು ನುಂಗಿತು.

ಗಾಂಧಿ ಬಜಾರಿನ ರಿಪೇರಿಯವನ ಮುಂದೆ ಕೈಮುಗಿದು ನಿಂತೆ. "ಜೋಡಿಸ್ಕೊಡ್ತೀನಿ ಸಾರ್. ನುಜ್ಜಾಗಿರೋ ಕಡೆ ದನಿ ಬರಲ್ಲ." ಸುಮಿತ್ರಾ ದಿನಾ ಫೋನ್ ಮಾಡುತ್ತಾರೆ. "ಸರಿಹೋಯ್ತಾ ಅಣ್ಣಾ?" ಏನು ಹೇಳಲಿ ನಾಗರಾಜ? ಒಬ್ಬನ ಹಾಡನ್ನು ಎರಡು ಸಲ ಕೊಂದವನು ಏನು ಹೇಳಬೇಕು?

ಒಂದೇ ಆಸೆ ಉಳಿದಿದೆ. ಭಜನೆಯವರಲ್ಲೂ ನನ್ನಂಥವರು ಇರಬಹುದು, ಎ ಸೈಡಿಗೇ ಸುಸ್ತಾದವರು. ಅವರ ಬಿ ಸೈಡಿನಲ್ಲಿ ನಿನ್ನ ಹಾಡು ಅಳಿಸದೆ ಹಾಗೇ ಉಳಿದಿರಬಹುದು. ಆದ್ದರಿಂದ ನನ್ನ ಅಂಕಣದಲ್ಲಿ ಈ ಪತ್ರವನ್ನು ಕದ್ದು ಓದುತ್ತಿರುವ ಕಾಗದನಗರದವರೇ, ನಾಗರಾಜ ಕೊಟ್ಟ ಕ್ಯಾಸೆಟ್ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಒಮ್ಮೆ ತಿರುಗಿಸಿ ಹಾಕಿ. ಕುಕ್ಕರ್ ಕೂಗಿದ್ದು ಕೇಳಿಸಿದರೆ ತಕ್ಷಣ ನಿಲ್ಲಿಸಿ, ನಮ್ಮ ಪತ್ರಿಕೆಯ ಕಚೇರಿಗೆ ತಂದುಕೊಡಿ. ಮುಂದಿನದನ್ನು ಮೊದಲು ಸುಮಿತ್ರಾ ಕೇಳಲಿ.