‘ಎಳೀತೈತೆ’ ಎಂದು ಕೊರೆದ ಮೇಸ್ತ್ರಿಗೆ

೩೦ ಫೆಬ್ರವರಿ ೨೧೯೧
ಹುಡುಗಿಯರ ಹಾಸ್ಟೆಲ್, ಚಿತ್ರದುರ್ಗ

ಮಾನ್ಯ ಚಾಂದ್‌ಪೀರ್ ಮೇಸ್ತ್ರಿಗಳಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಕ್ಯಾಲೆಂಡರ್ ತಿದ್ದಿದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡದ ಬಗ್ಗೆಯೂ ಮೊದಲೇ ಸಾರಿ ಕೇಳಿಬಿಡುತ್ತೇನೆ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಊಟ, ಪ್ರೇಯರ್, ಜಗಳ ಎಲ್ಲವೂ ಇಂಗ್ಲಿಷಿನಲ್ಲೇ. ಕನ್ನಡ ನನಗೆ ಬಂದದ್ದು ಪಠ್ಯಪುಸ್ತಕದಿಂದ. ಈ ಪತ್ರ ಬರೆಯುವ ಗತಿ ಬಂದದ್ದೂ ಅದರಿಂದಲೇ.

ನಿಮ್ಮ ಕಾಲ ಮುಗಿದು ಇನ್ನೂರು ವರ್ಷವಾಗುತ್ತ ಬಂದರೂ ನಿಮ್ಮ ಬಿಳಿ ಕಾರು ಇನ್ನೂ ಇದೆ. ಬಾನೆಟ್ಟಿನ ಒಳಮೈಯಲ್ಲಿ ‘ಚಾಂದ್‌ಪೀರ್ ಮೇಸ್ತ್ರಿ, ಹೊಳಲ್ಕೆರೆ ರಸ್ತೆ’ ಎಂದು ನೀವು ಬರೆದ ಕೆಂಪು ಪೇಂಟ್ ಕೂಡ ಮಾಸಿಲ್ಲ. ನಮ್ಮ ಕಾಲೇಜಿನ ಶೆಡ್ಡಿನಲ್ಲಿ ಅದನ್ನು ಗವಿರಂಗಪ್ಪ ಎಂಬುವರು ಮೂವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಊರಿನಲ್ಲಿ ಈಗ ಓಡುವುದೆಲ್ಲ ಮೌನಗಾಡಿ, ಅಂದರೆ ಕರೆಂಟಿನ ಮೇಲೆ ಸದ್ದಿಲ್ಲದೆ ತಾನಾಗಿಯೇ ಹೋಗುವ ಡಬ್ಬಿ. ಅದರಲ್ಲಿ ಕೂತವರಿಗೆ ಹಿಡಿಯಲು ಸ್ಟೀರಿಂಗ್ ಇಲ್ಲ, ತುಳಿಯಲು ಪೆಡಲ್ ಇಲ್ಲ. ಪೆಟ್ರೋಲು ಉರಿಸಲು ಬೆಂಕಿ ಪರವಾನಗಿ ಬೇಕು. ಜಿಲ್ಲೆಯಲ್ಲಿ ಅದು ಇರುವುದು ನಿಮ್ಮ ಕಾರಿಗೆ ಮಾತ್ರ. ಪರವಾನಗಿ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಕಾರು ಗೇಟಿನಿಂದ ಲೈಬ್ರರಿಯವರೆಗಿನ ಏರನ್ನು ತನ್ನ ಬಲದಿಂದಲೇ ಹತ್ತಬೇಕು. ಮೂರು ಸಲ ಅವಕಾಶ. ಹತ್ತದಿದ್ದರೆ ಎಂಜಿನ್ನಿನ ಎಣ್ಣೆ ಬಸಿದು, ಸೀಲ್ ಮಾಡಿ, ಕಾರನ್ನು ಗಾಜಿನ ಕೋಣೆಗೆ ಹಾಕುತ್ತಾರೆ. ಆಮೇಲೆ ಅದು ಯಾವತ್ತೂ ಸ್ಟಾರ್ಟ್ ಆಗುವುದಿಲ್ಲ.

ಕಾರ್ಬುರೇಟರಿನಿಂದ ಬಂದ ಗಾಳಿ-ಪೆಟ್ರೋಲನ್ನು ನಾಲ್ಕು ಸಿಲಿಂಡರಿಗೂ ಹಂಚುವ ಕವಲುಕೊಳವೆಗೆ ನಾವೂ ನಿಮ್ಮ ಹಾಗೆಯೇ ಮ್ಯಾನಿಫೋಲ್ಡ್ ಅನ್ನುತ್ತೇವೆ. ಈ ಕಾರಿಗೆ ನೀವು ಎರಡು ಬಿಟ್ಟುಹೋಗಿದ್ದಿರಿ. ಒಂದರ ಕೊಳವೆಗಳು ಸಣ್ಣ, ಉದ್ದ. ಅದರ ಮೇಲೆ ಉಳಿಯಲ್ಲಿ ‘ಎಳೀತೈತೆ’ ಎಂದು ಕೊರೆದಿದ್ದಿರಿ. ಇನ್ನೊಂದರವು ಅಗಲ, ಗಿಡ್ಡ. ಅದರ ಮೇಲೆ ‘ಗಾಳಿ ಜಾಸ್ತಿ’ ಎಂದಿತ್ತು. ಈ ವರ್ಷ ‘ಒಂದಕ್ಕೊಂದೇ’ ಎಂಬ ನಿಯಮ ಬಂತು. ಲೋಹ ಕಡಿಮೆಯಾಗಿರುವುದರಿಂದ ಹಳೆಯ ವಸ್ತುವಿನ ಯಾವ ಭಾಗವನ್ನೂ ಎರಡೆರಡು ಇಟ್ಟುಕೊಳ್ಳುವಂತಿಲ್ಲ. ಒಂದನ್ನು ಕರಗಿಸಲು ಕೊಡಬೇಕು. ಯಾವುದನ್ನು ಉಳಿಸಬೇಕೆಂದು ಪರೀಕ್ಷೆ ಮಾಡಿ ವರದಿ ಕೊಡುವ ಕೆಲಸವನ್ನು ನಮ್ಮ ಲೆಕ್ಚರರ್ ಇಂದುಧರ ಸರ್ ಫಸ್ಟ್ ಇಯರಿನ ನನಗೆ ಕೊಟ್ಟರು. ನನ್ನ ಮೊದಲ ಪ್ರಾಜೆಕ್ಟ್. ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ.

ನಮ್ಮಲ್ಲಿ ಗಾಳಿತಕ್ಕಡಿ ಎಂಬ ಮೆಷಿನ್ ಇದೆ. ಕೊಳವೆಯನ್ನು ಕೂರಿಸಿದರೆ ಸೆಕೆಂಡಿಗೆ ಎಷ್ಟು ಗಾಳಿ ಹಾಯುತ್ತದೆಂದು ಹೇಳುತ್ತದೆ. ಸಣ್ಣದರಲ್ಲಿ ಮೂವತ್ತೆಂಟು ಲೀಟರ್, ಅಗಲದರಲ್ಲಿ ನಲವತ್ತೈದು. ಹನ್ನೊಂದು ಸಲ ಅಳೆದೆ, ಅಷ್ಟೇ ಬಂತು. ನೀವೇ ‘ಗಾಳಿ ಜಾಸ್ತಿ’ ಎಂದು ಬರೆದಿದ್ದೀರಲ್ಲ, ಖುಷಿಯಾಯಿತು. ಇನ್ನು ‘ಎಳೀತೈತೆ’. ಮೌನಗಾಡಿ ಒಂದು ಪಕ್ಕಕ್ಕೆ ಜಗ್ಗಿದರೆ ನಾವು ‘ಎಳೆತ’ ಅನ್ನುತ್ತೇವೆ. ಕಂಪ್ಲೇಂಟ್ ಫಾರಮ್ಮಿನಲ್ಲಿ ಅದಕ್ಕೆ ಪ್ರತ್ಯೇಕ ಕಾಲಂ ಇದೆ. ಎಳೆತ ಎಂದರೆ ದೋಷ. ನನಗೆ ಗೊತ್ತಿದ್ದದ್ದು ಅದೊಂದೇ ಅರ್ಥ. ಆದರೂ ಅನುಮಾನ ಉಳಿಯಬಾರದು ಎಂದು ಗವಿರಂಗಪ್ಪನವರ ಹತ್ತಿರ ಹೋಗಿ, ಸಣ್ಣದನ್ನು ತೋರಿಸಿ, “ಇದು ಎಳೆಯುತ್ತದೆಯೇ?” ಎಂದು ಕೇಳಿದೆ. ಅವರ ಮುಖ ಅರಳಿತು.

“ಹೂಂ ಕಣವ್ವ, ಚೆನ್ನಾಗಿ ಎಳೀತೈತೆ! ಇದರಂಗೆ ಎಳಿಯಾದು ಇನ್ನೊಂದಿಲ್ಲ.”

ಚೆನ್ನಾಗಿ ಬೈದರು, ಚೆನ್ನಾಗಿ ಏಟು ಬಿತ್ತು ಅನ್ನುತ್ತಾರಲ್ಲ, ಆ ಚೆನ್ನಾಗಿ ಎಂದುಕೊಂಡೆ. ಮುದುಕರು ದೋಷ ಒಪ್ಪಿಕೊಳ್ಳುವಾಗ ನಗುತ್ತಾರೇನೋ ಎಂದೂ ಅನ್ನಿಸಿತು. ವರದಿಯಲ್ಲಿ ಬರೆದೆ: ‘ತೀವ್ರ ಎಳೆತದ ದೋಷವಿದೆ, ಉಸ್ತುವಾರಿಯವರೂ ದೃಢಪಡಿಸಿದ್ದಾರೆ.’ ಸರ್ ಗುಡ್ ಎಂದು ಸಹಿ ಮಾಡಿದರು. ಮಂಗಳವಾರ ಸಣ್ಣದು ಕರಗಿತು.

ಬುಧವಾರ ಬೆಳಿಗ್ಗೆ ಗವಿರಂಗಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು, “ಸಣ್ಣ ಬಾಯಿದು ಎಲ್ಲವ್ವ?” ಎಂದು ಕೇಳಿದರು. ಹೇಳಿದೆ. ಅವರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡು, ಅಗಲದ್ದನ್ನು ಬೋಲ್ಟು ಹಾಕಿ ಕೂರಿಸತೊಡಗಿದರು.

ಗುರುವಾರ ಮೊದಲ ಸಲ. ಏರಿನ ಅರ್ಧದಲ್ಲಿ ಎಂಜಿನ್ ಕೆಮ್ಮಿತು, ನಡುಗಿತು, ನಿಂತಿತು. ಶುಕ್ರವಾರ ಎರಡನೇ ಸಲವೂ ಅದೇ ಜಾಗ. ಕೆಳಗೆ ನಿಂತ ಹುಡುಗರು, “ಅಜ್ಜ, ಗಾಳಿ ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸೈತೆ!” ಎಂದು ಕೂಗಿದರು. ನಾನು ಹತ್ತಿರ ಓಡಿದೆ. ಗವಿರಂಗಪ್ಪ ಹ್ಯಾಂಡ್‌ಬ್ರೇಕ್ ಎಳೆದು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಇದು ಎಳೀತಾ ಇಲ್ಲ ಕಣವ್ವ. ಅದು ಎಳೀತಿತ್ತು.”

ಆಗ ತಿಳಿಯಿತು. ಗಾಡಿ ಎಳೀತೈತೆ ಎಂದರೆ, ಎಂಜಿನ್ ಕಡಿಮೆ ಸುತ್ತಿನಲ್ಲಿದ್ದರೂ ಭಾರ ಹೊತ್ತು ಏರು ಹತ್ತುತ್ತದೆ ಎಂದು. ನೀವು ದೋಷ ಬರೆದಿರಲಿಲ್ಲ, ಸರ್ಟಿಫಿಕೇಟ್ ಕೊಟ್ಟಿದ್ದಿರಿ.

ಈಗ ಲೆಕ್ಕ ನನಗೂ ಅರ್ಥವಾಗುತ್ತದೆ. ಕೊಳವೆ ಸಣ್ಣದಿದ್ದರೆ ಗಾಳಿ ರಭಸವಾಗಿ ಓಡುತ್ತದೆ, ಪೆಟ್ರೋಲನ್ನು ಜೊತೆಗೆ ಹೊತ್ತುಕೊಂಡು ಹೋಗುತ್ತದೆ. ಅಗಲವಾದರೆ ನಿಧಾನ, ಪೆಟ್ರೋಲು ದಾರಿಯಲ್ಲೇ ಗೋಡೆಗೆ ಅಂಟುತ್ತದೆ, ಸಿಲಿಂಡರ್ ಹಸಿದೇ ಇರುತ್ತದೆ. ಅಗಲದ್ದಕ್ಕೆ ಜೀವ ಬರುವುದು ನಾಲ್ಕು ಸಾವಿರ ಸುತ್ತಿನ ಮೇಲೆ. ಆದರೆ ಬಾನೆಟ್ಟಿನ ಮೇಲೆ ಕಿವಿಗಾವಲು ಕೂತಿದೆ. ಅದು ಸದ್ದು ಕಾಯುವ ಪೆಟ್ಟಿಗೆ. ಎರಡೂವರೆ ಸಾವಿರ ದಾಟಿದರೆ ಎಂಜಿನ್ನನ್ನೇ ಆರಿಸುತ್ತದೆ. ತೆಗೆದರೆ ಪರವಾನಗಿಯೇ ಹೋಗುತ್ತದೆ. ನಾನು ಅಳೆದದ್ದು ಎಷ್ಟು ಗಾಳಿ ಎಂದು. ಎಷ್ಟು ವೇಗ ಎಂದು ಕೇಳಲೇ ಇಲ್ಲ. ರಸ್ತೆಯ ಮೇಲೆ ಕಾರು ಓಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿಯೇ ಇರಲಿಲ್ಲ, ಮೇಸ್ತ್ರಿಗಳೇ.

ಸರ್ ಹತ್ತಿರ ಅತ್ತೆ. “ರಿಪೋರ್ಟ್ ವಾಪಸ್ ತಗೋಬಹುದಮ್ಮ, ಕರಗಿದ್ದನ್ನ ಹೇಗೆ ತಗೋಳೋದು?” ಎಂದರು. ಹೊಸದನ್ನು ಎರಕ ಹೊಯ್ಯಲು ಲೋಹದ ಅನುಮತಿಗೆ ಏಳು ತಿಂಗಳು. ಮೂರನೇ ಸಲ ನಾಳೆ ಹತ್ತು ಗಂಟೆಗೆ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಉಳಿ ಇನ್ನೂ ನಿಮ್ಮ ಕೈಯಲ್ಲಿದ್ದರೆ, ‘ಎಳೀತೈತೆ’ ಪಕ್ಕದಲ್ಲಿ ಇನ್ನೊಂದು ಮಾತು ಕೊರೆಯಿರಿ: ‘ಇದೇ ಒಳ್ಳೇದು.’ ನಿಮ್ಮ ಗಿರಾಕಿಗಳಿಗೆ ಅದು ಬೇಕಿಲ್ಲ, ಅವರು ನಗಬಹುದು. ನನಗೆ ಬೇಕಿತ್ತು.

ಆದರೆ ಆ ಮ್ಯಾನಿಫೋಲ್ಡನ್ನು ನಾನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದೇನೆ. ಅದರ ಮೇಲೆ ಇದ್ದದ್ದು ಒಂದೇ ಪದ. ಪತ್ರ ತಲುಪಿದ್ದರೆ ಎರಡನೆಯ ಮಾತೂ ಆಗಲೇ ಅಲ್ಲಿರಬೇಕಿತ್ತು. ಅಂದರೆ ಈ ಪತ್ರ ನಿಮಗೆ ತಲುಪಲಿಲ್ಲ. ಗೊತ್ತಿದ್ದೂ ಎರಡು ಪುಟ ಬರೆದೆ.

ಈಗ ತಾನೇ ಮೆಸ್ ಊಟ ಮುಗಿಸಿ ಶೆಡ್ಡಿಗೆ ಹೋಗಿ ಬಂದೆ. ಗವಿರಂಗಪ್ಪ ಕಾರು ಒರೆಸುತ್ತಿದ್ದರು. ನಾಳೆ ನಾನೂ ಪಕ್ಕದಲ್ಲಿ ಕೂರಬೇಕಂತೆ. ಭಾರ ಹೆಚ್ಚಾಗುವುದಿಲ್ಲವೇ ಎಂದೆ. “ಹತ್ತಾಕಿಲ್ಲ ಅಂತ ನಂಗೂ ಗೊತ್ತವ್ವ. ಕೂತ್ಕ. ಎಂಜಿನ್ ಸದ್ದು ಒಳಗಿಂದ ಹೆಂಗಿರ್ತೈತೆ ಅಂತ ಒಬ್ಬರಿಗಾದ್ರೂ ಗೊತ್ತಿರ್ಲಿ,” ಎಂದು ಬಾಗಿಲು ತೆಗೆದು, ಸೀಟಿನ ಮೇಲೆ ತಮ್ಮ ಟವೆಲ್ ಹಾಸಿದರು.

ನಿಮ್ಮ ಪದವನ್ನು ತಪ್ಪಾಗಿ ಓದಿದವಳು,
ಸೌಗಂಧಿ
ಮೊದಲನೇ ವರ್ಷ