ಜಾಕಿನ ಕೆಳಗಿನ ಹಲಗೆ

೧೪ ಡಿಸೆಂಬರ್, ರವಿವಾರ

ಬಾಡಿಗೆಗೆ ಬಿಡುವ ನಮ್ಮ ಕ್ಯಾರವಾನ್ ಮಸಗುಪ್ಪಿಯ ಹೊಲದಲ್ಲಿ ನಿಂತಿದೆ. ಒಳಗೆ ಒಬ್ಬರು ನಡೆದರೂ ಅಲುಗಾಡುತ್ತಿತ್ತು. ಎರೆ ಮಣ್ಣಿನಲ್ಲಿ ಗಾಡಿಯ ನಾಲ್ಕು ಮೂಲೆಗೆ ಆಸರೆಯಾದ ಜಾಕ್ ಇಳಿಯುತ್ತದೆ, ಕೆಳಗೆ ಹಲಗೆ ಇಡಬೇಕು ಎಂದು ನಾನು ಹೇಳಿದ್ದಕ್ಕೆ ಬಾಳೇಶ ಭಾವ ಗಿರಾಕಿಗಳ ಎದುರೇ ನಕ್ಕಿದ್ದರು: “ನೀ ರೊಟ್ಟಿ ಬಡಿ ಹೋಗವ್ವಾ, ಇದು ಗಂಡಮಕ್ಕಳ ಕೆಲಸ.” ಆ ನಗು ಇನ್ನೂ ಕಿವಿಯಲ್ಲಿದೆ.

ಇವತ್ತು ಅವರಿಲ್ಲದಾಗ ಗಾಲಿಗಳಿಗೆ ಕಲ್ಲು ಕೊಟ್ಟೆ. ನಾಲ್ಕೂ ಜಾಕಿನ ಕೆಳಗೆ ಜಾಲಿಯ ಹಲಗೆ ಇಟ್ಟು ಬಿಗಿದೆ. ಒಳಗೆ ತುಂಬಿದ ಚಹಾ ಕಪ್ ಇಟ್ಟು ಕುಣಿದೆ. ಒಂದು ಹನಿಯೂ ಚೆಲ್ಲಲಿಲ್ಲ.

ಸಂಜೆ ಗಾಡಿ ಹತ್ತಿ ನೋಡಿ ಬಂದ ಭಾವ ಬೀಗರಿಗೆ ಫೋನಿನಲ್ಲಿ ಹೇಳುತ್ತಿದ್ದರು: “ನಾಳಿ ಗಾಡ್ಯಾಗ ಮಲಗಾಕ ಬರ್ರಿ. ಒಂಚೂರೂ ಅಳ್ಳಾಡಂಗಿಲ್ಲ, ನಾನ ಬಿಗದೇನಿ.”

ಅವರು ಫೋನ್ ಇಡುವ ಮೊದಲೇ ನಾನು ಹೊಲದಲ್ಲಿದ್ದೆ. ಜಾಕ್‌ಗಳು ಮತ್ತೆ ಬರೀ ಮಣ್ಣಿನ ಮೇಲಿವೆ, ನಾಲ್ಕೂ ಹಲಗೆಗಳು ಈಗ ನನ್ನ ಮಂಚದ ಕೆಳಗಿವೆ. ಗಂಡಮಕ್ಕಳ ಕೆಲಸ ಹೇಗಿರುತ್ತದೆಂದು ಬೀಗರೂ ನೋಡಲಿ.