ಕತ್ತಿನ ಮಚ್ಚೆ

ಮಂಗಳವಾರ, ಮಾರ್ಚ್ ೧೨

ನಾನು ಬಣ್ಣ ಹಚ್ಚಿ ಕಳಿಸಿದ್ದ ಗೊಂಬೆ, ಸಿನಿಮಾದಲ್ಲಿ ನಾಯಕ ಮಹಡಿಯಿಂದ ಜಿಗಿಯುವ ದೃಶ್ಯದ್ದು, ವಾಪಸ್ ಬಂತು. ಜೊತೆಗೆ ಕೊಂಡವರ ಚೀಟಿ: "ಪರದೆಯ ಮೇಲಿದ್ದಂತೆಯೇ ಬಣ್ಣ ಹಚ್ಚಿ ಅಂದಿದ್ದೆ. ಕತ್ತಿನ ಮಚ್ಚೆ ನಾಯಕನಿಗಿಲ್ಲ, ತೆಗೆಯಿರಿ."

ನಾಯಕನಿಗಿಲ್ಲ, ನಿಜ. ಅವನ ಬದಲು ಡ್ಯೂಪ್ ಆಗಿ ಜಿಗಿದದ್ದು ನನ್ನ ಅಣ್ಣ. ಮುಂದಿನ ಚಿತ್ರದ ಜಿಗಿತದಲ್ಲಿ ತೀರಿಕೊಂಡ. ಈ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿಯೇ ಆ ಮಚ್ಚೆ ಇಟ್ಟಿದ್ದೆ.

ಅತ್ತಿಗೆಗೆ ತೋರಿಸಿದೆ. "ಇನ್ನೊಂದಿತ್ತಲ್ಲೋ, ಕಾಲರಿನ ಒಳಗೆ. ಒಡಹುಟ್ಟಿದವನಿಗೆ ಅದೂ ಗೊತ್ತಿಲ್ವಾ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಅವರು ಕೇಳಿದ್ದು ನಾಯಕನನ್ನ. ಒರೆಸಿಬಿಡಪ್ಪ."

ಪರದೆಯಲ್ಲಿ ಕಂಡಷ್ಟೇ ಅಣ್ಣ ನನ್ನಲ್ಲಿ ಉಳಿದಿದ್ದಾನೆ.

ಥಿನ್ನರಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಒಂದೇ ಸಲಕ್ಕೆ ಹೋಯಿತು. ಇನ್ನೊಮ್ಮೆ ಒರೆಸುವಷ್ಟಾದರೂ ಉಳಿದಿದ್ದರೆ…